ಆರು ಸಾವಿರದ ನಾನೂರಕ್ಕೆ ಕೂಗಿ ಬುಟ್ಟಿ ಒಯ್ದ ಮಹನೀಯರಿಗೆ

ಇಂದ: ವೆಂಕಟ್ರಮಣ, ಜೆರಾಕ್ಸ್ ಮತ್ತು ರೀಚಾರ್ಜ್ ಅಂಗಡಿ, ಬ್ಯಾಕೋಡು, ಸಾಗರ ತಾಲ್ಲೂಕು
ಇವರಿಗೆ: ಶ್ರೀಯುತ ‘ಹೆರಿಟೇಜ್ ಲವರ್ 108’, ಆನ್‌ಲೈನ್ ಹರಾಜಿನ ವಿಜೇತರು, ಊರು ತಿಳಿಯದು

ಮಾನ್ಯರೇ,

ತಮಗೂ ತಮ್ಮ ಮನೆಮಂದಿಗೂ, ತಾವು ವಾರಕ್ಕೊಂದರಂತೆ ಬದಲಾಯಿಸುವ ಸಿಮ್ ಕಾರ್ಡುಗಳಿಗೂ ಆಯುರಾರೋಗ್ಯ ಕೋರಿ, ಕುರ್ಚಿಯಿಂದ ಅರ್ಧ ಎದ್ದು ನಮಸ್ಕರಿಸಿ, ಈ ಪತ್ರ ಬರೆಯುತ್ತಿದ್ದೇನೆ. ಗುಟ್ಟಾಗಿಯೇ ಬರೆಯಬೇಕೆಂದಿದ್ದೆ. ಆದರೆ ತಾವು ಕೊಟ್ಟ ಫೋನು ಆಫ್, ನಾನು ಕಳಿಸಿದ ಇಮೇಲು ವಾಪಸ್, ತಿಳಿಸಿದ ವಿಳಾಸದಲ್ಲಿ ಇರುವುದೊಂದು ಬಸ್ ಸ್ಟಾಪ್ ಎಂದು ಗೊತ್ತಾದ ಮೇಲೆ, ಹತ್ತು ಜನ ಓದುವ ಕಡೆ ಹಾಕಿದರೆ ಅವರಲ್ಲಿ ಒಬ್ಬರಾದರೂ ತಾವಾಗಿರಬಹುದೆಂಬ ಆಸೆಯಿಂದ ಬಹಿರಂಗವಾಗಿ ಬರೆಯಬೇಕಾಯಿತು. ಪ್ರಾಸ ನನ್ನ ಹಳೆಯ ಚಟ. ತಮಗೂ ಒಂದು ಚಟ ಇರುವುದರಿಂದ ಮನ್ನಿಸುವಿರೆಂದು ನಂಬಿದ್ದೇನೆ.

ದಿನಕ್ಕೆ ಎಷ್ಟೋ ಹರಾಜು ಗೆಲ್ಲುವ ತಮಗೆ ನಮ್ಮದು ನೆನಪಿರಲಾರದು. ಕಳೆದ ತಿಂಗಳು ತಾವು ಗೆದ್ದದ್ದು ಒಂದು ಬುಟ್ಟಿ. ಭೂಮಿ ಹುಣ್ಣಿಮೆಯಂದು ಬಸುರಿ ಭೂಮಿಗೆ ಬಯಕೆಯ ಊಟವೆಂದು ಗದ್ದೆಗೆ ಎಡೆ ಹೊತ್ತೊಯ್ಯುತ್ತಾರಲ್ಲ, ಆ ಬುಟ್ಟಿ. ಬಿದಿರಿಗೆ ಸೆಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆದವರು ನನ್ನ ಅಂಗಡಿಯ ಹಿಂದಿನ ಮನೆಯ ಹುಲಿಯಮ್ಮ. ವಯಸ್ಸು ಅರವತ್ತೆಂಟು, ನಮ್ಮ ಕೇರಿಯ ಬುಟ್ಟಿಗಳಿಗೆಲ್ಲ ನಲವತ್ತು ವರ್ಷದಿಂದ ಅವರದೇ ಗೆರೆ. ಇದನ್ನು ಆನ್‌ಲೈನ್ ಹರಾಜಿಗೆ ಹಾಕೋಣವೆಂದು ಒತ್ತಾಯಿಸಿದವನು ನಾನು, ಫೋಟೋ ಹೊಡೆದವನು ನಾನು, ಎಂಟುನೂರಕ್ಕೆ ಶುರು ಮಾಡಿದವನು ನಾನು. ತಾವು ಬಂದು ಅದನ್ನು ಆರು ಸಾವಿರದ ನಾನೂರಕ್ಕೆ ಏರಿಸಿದಾಗ ಅಂಗಡಿಯಲ್ಲಿದ್ದ ಒಂಬತ್ತು ಜನರಿಗೆ ಚಹಾ ಕುಡಿಸಿದವನೂ ನಾನೇ. ಆ ಚಹಾದ ಬಿಲ್ಲನ್ನು ಸಭ್ಯತೆಯ ದೃಷ್ಟಿಯಿಂದ ಇಲ್ಲಿ ಸೇರಿಸಿಲ್ಲ.

ನನಗೆ ಹರಾಜು ಹೊಸತಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ನಮ್ಮ ಊರಿನ ಗಣಪತಿಯನ್ನು ನೀರಿಗೆ ಬಿಡುವ ಮುನ್ನ ಹಾರ, ಹಣ್ಣು, ಕಾಯಿಗಳ ಸವಾಲು ನಡೆಯುತ್ತದೆ. ಹದಿನಾಲ್ಕು ವರ್ಷದಿಂದ ಅದನ್ನು ಕೂಗುವವನು ನಾನು. “ಒಂದನೇ ಸಲ, ತೆಂಗಿನ ಫಲ, ಎರಡನೇ ಸಲ, ದೇವರ ಬಲ, ಮೂರನೇ ಸಲ, ಕೊಟ್ಟೆನಲ್ಲ” ಎಂದು ನಾನು ಮುಗಿಸುವಷ್ಟರಲ್ಲಿ ಕಾಯಿ ಕೂಗಿದವರ ಕೈಯಲ್ಲಿ ಇರುತ್ತದೆ. ದುಡ್ಡನ್ನು ಯಾರೂ ಆಗಲೇ ಕೇಳುವುದಿಲ್ಲ. ಮುಂದಿನ ಚೌತಿಯೊಳಗೆ ಬಂದರಾಯಿತು, ಬಂದೇ ಬರುತ್ತದೆ. ಒಂದು ವರ್ಷ ಭೂತಪ್ಪನೆಂಬವರು ಕಾಯಿಯನ್ನು ಎರಡು ಸಾವಿರದ ನೂರಕ್ಕೆ ಕೂಗಿ, ಆಮೇಲೆ ಸಂಸಾರ ಸಮೇತ ಹೊಸನಗರದ ಕಡೆಗೆ ಹೋಗಿ ನೆಲೆಸಿದರು. ಕಾಯಿ ಅದೇ ವಾರ ಚಟ್ನಿಯಾಗಿತ್ತು. ಆದರೂ ಮರುವರ್ಷ ಚೌತಿಯ ಮುನ್ನಾದಿನ ಎರಡು ಬಸ್ಸು ಬದಲಾಯಿಸಿ ಬಂದು ದುಡ್ಡು ಎಣಿಸಿ ಕೊಟ್ಟು, ತಡವಾಯಿತೆಂದು ಐವತ್ತು ರೂಪಾಯಿ ಹುಂಡಿಗೂ ಹಾಕಿ ಹೋದರು. ಹರಾಜೆಂದರೆ ಇದೇ ಎಂದು ತಿಳಿದಿದ್ದ ನನ್ನಂಥವನು, ತಾವು ಗೆದ್ದ ಕೂಡಲೇ ಬುಟ್ಟಿಗೆ ಗೋಣಿ ಸುತ್ತದೆ ಇನ್ನೇನು ಮಾಡಿಯಾನು?

ಆದರೂ ತಾವು ನನ್ನ ನಂಬಿಕೆಯ ಮೇಲಷ್ಟೇ ಭಾರ ಹಾಕಲಿಲ್ಲ, ಶ್ರಮ ಪಟ್ಟಿರಿ, ಅದನ್ನು ಮೆಚ್ಚಲೇಬೇಕು. ಹರಾಜಿನ ಕಂಪನಿಯ ಹೆಸರಿನಲ್ಲಿ ತಾವು ಕಳಿಸಿದ ಇಮೇಲಿನಷ್ಟು ಚೆಂದದ ಕಾಗದವನ್ನು ಇಪ್ಪತ್ತು ವರ್ಷದ ಜೆರಾಕ್ಸ್ ವೃತ್ತಿಯಲ್ಲಿ ನಾನು ಕಂಡಿಲ್ಲ. ಹಣ ಬಂದಿದೆ, ನಮ್ಮಲ್ಲಿ ಭದ್ರವಾಗಿದೆ, ಕೊರಿಯರ್ ರಸೀದಿಯ ನಂಬರು ಕೊಟ್ಟ ಕ್ಷಣವೇ ನನ್ನ ಖಾತೆಗೆ ಬಿಡುಗಡೆ ಎಂದಿತ್ತು. ಇಂಗ್ಲಿಷನ್ನು ಎರಡು ಸಲ ಓದಿ, ನಿಘಂಟನ್ನು ಒಂದು ಸಲ ನೋಡಿ, ಬ್ಯಾಂಕಿನ ಖಾತೆಯನ್ನು ಮಾತ್ರ ನೋಡದೆ, ಸಾಗರಕ್ಕೆ ಹೋಗಿ ಬುಟ್ಟಿ ಕಳಿಸಿ ನಂಬರು ಕೊಟ್ಟೆ. ತಾವು ಆ ಕಡೆಯ ಕೊರಿಯರ್ ಆಫೀಸಿಗೇ ಹೋಗಿ ಅದನ್ನು ಬಿಡಿಸಿಕೊಂಡಿರಂತೆ. ಮರುದಿನ ಮತ್ತೊಂದು ಕಾಗದ: ಖಾತೆ ಸಣ್ಣದು, ಹಣ ದೊಡ್ಡದು, ಬಿಡುಗಡೆಗೆ ಒಂದೂವರೆ ಸಾವಿರ ಶುಲ್ಕ, ಆಮೇಲೆ ಅದೂ ವಾಪಸು. ಕಾಗದದ ಹಸಿರು ಟಿಕ್ಕು ಕಂಡು ಹಿಗ್ಗಿದೆ, ಹದಿನೈದು ನೂರು ಕೊಟ್ಟು ಕುಗ್ಗಿದೆ. ಇದು ನನ್ನ ಹೆಂಡತಿಗೆ ಗೊತ್ತಿಲ್ಲ. ಈ ಸಾಲು ಅಚ್ಚಾದ ಮೇಲೆ ಗೊತ್ತಾಗುತ್ತದೆ. ಹರಾಜಿನ ಕಂಪನಿಯವರನ್ನು ಕೇಳಿದರೆ, ಹಣ ಬಂದದ್ದನ್ನು ಕಂಪನಿ ತನ್ನ ಪುಟದೊಳಗಷ್ಟೇ ತೋರಿಸುವುದೆಂದೂ, ಇಂಥ ಇಮೇಲು ಕಳಿಸುವುದೇ ಇಲ್ಲವೆಂದೂ, ಕೊಡಬೇಕಾದವರು ಶುಲ್ಕ ಕೇಳಿದರೆ ಅಲ್ಲಿಗೇ ಅನುಮಾನಿಸಬೇಕೆಂದೂ ಬಹಳ ಪ್ರೀತಿಯಿಂದ ತಿಳಿಸಿದರು. ಬುಟ್ಟಿ ಹೋದ ಮೇಲೆ ಸಿಗುವ ಬುದ್ಧಿಗೆ ಶುಲ್ಕವಿಲ್ಲ.

ಇಲ್ಲಿಗೆ ಪತ್ರ ಮುಗಿಯುತ್ತಿತ್ತು. ಹಣ ಹೋದದ್ದು ನನ್ನ ದಡ್ಡತನಕ್ಕೆ, ಬುಟ್ಟಿ ಹೋದದ್ದು ತಮ್ಮ ದೊಡ್ಡತನಕ್ಕೆ ಎಂದು ಸುಮ್ಮನಿರುತ್ತಿದ್ದೆ. ನನ್ನ ದೂರು ಬೇರೆಯೇ ಇದೆ. ತಾವು ಕಳ್ಳರೆಂದು ಹುಲಿಯಮ್ಮ ಒಪ್ಪುತ್ತಿಲ್ಲ.

ದಿನಾ ಅಂಗಡಿಗೆ ಬಂದು, “ಎಂತ ಯೆಂಕಟ್ರಮಣ, ಆವಯ್ಯ ದುಡ್ ಕಳ್ಸಿದ್ನಾ?” ಎನ್ನುತ್ತಿದ್ದವರು ಈಗ ಅದನ್ನೂ ಬಿಟ್ಟಿದ್ದಾರೆ. ಅವರ ತೀರ್ಮಾನವೇ ಬೇರೆ: “ದುಡ್ ಕೊಡ್ಲಿಲ್ಲ ಅಂದ್ರೆ ಮಾಲು ಸರಿ ಬರ್ಲಿಲ್ಲ ಅಂತ. ಪಾಪ, ಬಾಯ್ಬಿಟ್ ಹೇಳಕ್ಕೆ ನಾಚ್ಕಂಡಿರ್ಬೇಕು.” ತೀರ್ಥಹಳ್ಳಿಯಲ್ಲಿ ಟೀಚರಾಗಿರುವ ಮಗಳು ಸುಚಿತ್ರಾ ಫೋನಿನಲ್ಲಿ, “ಅಮ್ಮ, ಅವ ಕಳ್ಳ, ಬುಟ್ಟಿ ಹೊಡ್ದ, ಹೋದ, ಮುಗೀತು” ಎಂದು ಬಿಡಿಸಿ ಹೇಳಿದರೆ, “ಕಳ್ಳ ಆಗಿದ್ರೆ ಆರು ಸಾವ್ರ ಯಾಕ್ ಕೂಗ್ತಿದ್ದ? ಕೊಡ್ದೆ ಇರೋನಿಗೆ ನೂರು ಕೂಗಿದ್ರೂ ಆಗ್ತಿತ್ತಲ” ಎಂದರು. ಈ ತರ್ಕ ಕೇಳಿ ಸುಚಿತ್ರಾ ಫೋನಿಟ್ಟಳು. ನಾನು ದೂರು ಕೊಟ್ಟ ಸೈಬರ್ ಸಹಾಯವಾಣಿಯವರೂ ಅದನ್ನೇ ಮಾಡಿದರು.

ಆಮೇಲೆ ಹುಲಿಯಮ್ಮ ನನ್ನ ಮೊಬೈಲಿನಲ್ಲಿದ್ದ ಬುಟ್ಟಿಯ ಫೋಟೋವನ್ನು ದೊಡ್ಡದು ಮಾಡಿಸಿ, ಮತ್ತೂ ದೊಡ್ಡದು ಮಾಡಿಸಿ, ಅರ್ಧ ಗಂಟೆ ಹುಡುಕಿ, ಅಂಚಿನ ಹತ್ತಿರ ಒಂದು ಗೆರೆಯ ಮೇಲೆ ಬೆರಳಿಟ್ಟರು. “ಇಲ್ಲಿ ನೋಡು, ಕೈ ನಡುಗಿದೆ.” ನನಗೆ ಕಂಡದ್ದು ಮೊಬೈಲಿನ ಗಾಜಿನ ಬಿರುಕು, ಹಾಗೆಂದು ಹೇಳಿದರೆ ಸಮಾಧಾನಕ್ಕೆ ಹೇಳುತ್ತೀಯೆಂದರು. ಭೂಮಿ ಹುಣ್ಣಿಮೆಗೆ ಇನ್ನು ಹನ್ನೆರಡು ದಿನವಿದೆ. ಚಿತ್ತಾರಕ್ಕೆಂದು ಕೇರಿಯಿಂದ ಬಂದ ಮೂರು ಬುಟ್ಟಿಗಳನ್ನು, ಕೈ ಸರಿಯಿಲ್ಲ, ಬೇರೆಯವರಿಂದ ಬರೆಸಿಕೊಳ್ಳಿ ಎಂದು ವಾಪಸು ಕಳಿಸಿದ್ದಾರೆ. ಬರೆಯುವ ಬೇರೆಯವರು ನಮ್ಮ ಕೇರಿಯಲ್ಲಿ ಇಲ್ಲ.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ಹಣ ಬೇಡುತ್ತಿಲ್ಲ. ಅಂಥ ಅಸಭ್ಯ ಬೇಡಿಕೆಯಿಟ್ಟು ತಮ್ಮನ್ನು ಮುಜುಗರಕ್ಕೆ ಗುರಿಮಾಡುವವನು ನಾನಲ್ಲ. ತಮ್ಮಿಂದ ಒಂದು ಪ್ರಮಾಣಪತ್ರ ಬೇಕು, ಅಷ್ಟೆ. ಕೆಳಗೆ ಸಹಿ ಮಾಡಿದ ನಾನು ಕಳ್ಳನೆಂದೂ, ಮೊದಲಿನಿಂದಲೂ ಕಳ್ಳನೆಂದೂ, ಬುಟ್ಟಿಯ ಗೆರೆಗಳು ನೆಟ್ಟಗಿದ್ದು ನಾನೊಬ್ಬನೇ ಸೊಟ್ಟಗಿರುವೆನೆಂದೂ ತಾವು ಬರೆದುಕೊಡಬೇಕು. ತಮ್ಮಲ್ಲಿ ಲೆಟರ್‌ಹೆಡ್ಡಿಗೆ ಕೊರತೆಯಿಲ್ಲ, ಯಾವ ಕಂಪನಿಯದಾದರೂ ಆದೀತು. ಸೀಲು ಎರಡಿದ್ದರೆ ಹುಲಿಯಮ್ಮನಿಗೆ ನಂಬಿಕೆ ಹೆಚ್ಚು. ಅನುಕೂಲವಿದ್ದರೆ ಖುದ್ದಾಗಿಯೇ ಬನ್ನಿ. ಈಗ ಹಿನ್ನೀರಿಗೆ ಸೇತುವೆ ಆಗಿದೆ, ಲಾಂಚಿಗೆ ಕಾಯುವ ಕಷ್ಟವಿಲ್ಲ. ಜಗಲಿಯ ಮೇಲೆ ಕೂತು, ಕಾಫಿ ಕುಡಿದು, “ನಾನೇ ಕಳ್ಳ, ನಂಬಿ ಅಮ್ಮ” ಎಂದು ಎರಡು ಮಾತಾಡಿ ಹೋಗಬಹುದು.

ಇಂಥ ಪತ್ರವೊಂದನ್ನು ತಮ್ಮ ಹೆಸರಿನಲ್ಲಿ ನಾನೇ ಮುದ್ರಿಸಬಹುದಿತ್ತು. ಪ್ರಿಂಟರು ನನ್ನದೇ, ಹುಲಿಯಮ್ಮನಿಗೆ ಓದು ಬರುವುದಿಲ್ಲ. ಆದರೆ ದುಡ್ಡು ನಾಳೆ ಬರುತ್ತದೆಂದು ಅವರಿಗೆ ಹನ್ನೊಂದು ದಿನ ಹೇಳಿದ್ದೇನೆ. ಹನ್ನೆರಡನೆಯ ಸುಳ್ಳಿಗೆ ಬಾಯಿ ಬರುತ್ತಿಲ್ಲ. ಈ ಕೆಲಸದಲ್ಲಿ ತಮಗಿರುವ ಅಭ್ಯಾಸ ನನಗಿಲ್ಲ.

ತಮ್ಮ ಖಾತೆಗಳು ಸದಾ ತುಂಬಿರಲೆಂದೂ, ಅವು ಯಾರವೆಂದು ಪೊಲೀಸರಿಗೆ ಬೇಗ ತಿಳಿಯಲೆಂದೂ ಹಾರೈಸುವ,

ತಮ್ಮ ವಿಶ್ವಾಸಿ (ವಿಶ್ವಾಸದಿಂದಲೇ ಇಷ್ಟಾದದ್ದು),
ವೆಂಕಟ್ರಮಣ

ಮರೆತ ಮಾತು: ಪತ್ರವನ್ನು ಕಳಿಸುವ ಮೊದಲು ಹುಲಿಯಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಇಷ್ಟುದ್ದ ಯಾಕ್ ಬರ್ದೆ? ಒಂದು ಹೇಳು, ಆವಯ್ಯ ಬುಟ್ಟಿ ವಾಪಸ್ ಕಳ್ಸಿದ್ನಾ, ಇಟ್ಕಂಡ್ನಾ?” ಎಂದರು. ಇಟ್ಟುಕೊಂಡಿದ್ದಾನೆ ಎಂದೆ. “ಸೊಟ್ಟ ಬುಟ್ಟಿನ ಯಾರ್ ಇಟ್ಕಂತಾರೆ? ಹಂಗಾರೆ ಗೆರೆ ಸರಿ ಇತ್ತು. ಕಳ್ಳನೇ ಅವ” ಎಂದು ಎದ್ದು ಬಿಳಿ ಗೆರೆಗೆ ಅಕ್ಕಿ ನೆನೆಹಾಕಲು ಹೋದರು. ಆದ್ದರಿಂದ ಪ್ರಮಾಣಪತ್ರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ; ಇಡೀ ವ್ಯವಹಾರದಲ್ಲಿ ತಾವು ಸತ್ಯವಾಗಿ ನಡೆದುಕೊಂಡದ್ದು ಬುಟ್ಟಿ ಇಟ್ಟುಕೊಂಡ ಒಂದರಲ್ಲಿ, ಅದೇ ಸಾಕಾಯಿತು. ವಾಪಸು ಹೋದ ಮೂರು ಬುಟ್ಟಿಗಳನ್ನು ಮನೆಮನೆಗೆ ಹೋಗಿ ತರಲು ನನಗೆ ಅಪ್ಪಣೆಯಾಗಿದೆ, ಹೊರಟೆ.