ಏಕಾಂತಯ್ಯನ ನಲವತ್ತು ಕರೆಯೋಲೆಗಳು

ತನ್ನ ನಲವತ್ತು ಕರೆಯೋಲೆಗಳನ್ನು ಅಂಚೆಯವರೇ ನುಂಗಿ ನೀರು ಕುಡಿದಿದ್ದಾರೆ ಎಂಬುದರಲ್ಲಿ ಬಾಣಾವರದ ಕೊಬ್ಬರಿ ವ್ಯಾಪಾರಿ ಏಕಾಂತಯ್ಯನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಗೃಹಪ್ರವೇಶಕ್ಕೆ ಎಂಟೇ ದಿನ ಉಳಿದಿತ್ತು. ಹಗರೆಯಿಂದ ಹಳೇಬೀಡಿನವರೆಗೆ ಒಬ್ಬ ನೆಂಟನಿಗೂ ಕಾಗದ ಮುಟ್ಟಿರಲಿಲ್ಲ. (ವಾಟ್ಸಾಪಿನಲ್ಲಿ ಕರೆದರೆ ಅವರ ಪಾಲಿಗೆ ಅದು ಕರೆದಂತೆಯೇ ಅಲ್ಲ, ಮೂಲೆಗೆ ಅರಿಶಿನ ಹಚ್ಚಿದ ಕಾಗದವೇ ಬೇಕು.)

"ತಂಗಿ ಮನೆಗೆ ನಾನು ಬ್ಯಾಡವಾದ್ನಾ ಅಂತ ನಮ್ಮಣ್ಣ ಫೋನಲ್ಲಿ ಅತ್ತೇ ಬಿಟ್ಟ ಕಣ್ರೀ!" ಹೆಂಡತಿ ಕಾಂತಮ್ಮ ಸಿಡಿದಳು. "ಅವನು ಬರ್ದಿದ್ರೆ ನಾನು ಆ ಹೊಸಲು ದಾಟಲ್ಲ. ನೀವೊಬ್ರೇ ಹಾಲು ಉಕ್ಕಿಸ್ಕಳಿ!"

"ಇನ್ನೊಂದ್ಸಲ ಕಳಿಸಿದ್ರೆ, ಮೊದಲು ಮರೆತಿದ್ರು ಅಂತ ಆಡ್ಕಂತಾರೆ ಕಣೇ. ಕಳ್ಳರನ್ನೇ ಹಿಡೀತೀನಿ!"

ಅಂಚೆ ಕಚೇರಿಯ ರಮಾ ಮೇಡಂ, "ದೂರು ಬರ್ಕೊಡಿ ಯಜಮಾನ್ರೇ" ಎಂದರು. ದೂರು ಯಾರಿಗೆ ಬೇಕು? ಏಕಾಂತಯ್ಯ ಕಚೇರಿಯ ಮೆಟ್ಟಿಲ ಮೇಲೆ ಧರಣಿ ಹೂಡಿದ. ಕೈಯಲ್ಲಿ ಹಲಗೆ: 'ಹನ್ನೆರಡನೇ ತಾರೀಕು ಗೃಹಪ್ರವೇಶ. ನನ್ನ ನಲವತ್ತು ನೆಂಟರು ಎಲ್ಲಿ?' ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು, ಹಲಗೆ, ಮೀಸೆ ಸಮೇತ.

ಆಮೇಲೆ ಕೇಳಬೇಕೆ! ಹನ್ನೆರಡರ ಬೆಳಿಗ್ಗೆ ಊರೂರಿಂದ ನೆಂಟರು ಬಂದಿಳಿದರು. ಕಾಂತಮ್ಮನ ಅಣ್ಣ, ಹಗರೆಯ ಷಡಕ್ಷರಪ್ಪ ಕ್ಯಾನು ತುಂಬ ಹಾಲು ತಂದ, ಕಾಂತಮ್ಮ ಹೊಸಲು ದಾಟಿದಳು, ಹಾಲು ಉಕ್ಕಿತು. ಏಕಾಂತಯ್ಯನಿಗೆ ರಾಜ್ಯ ಗೆದ್ದಷ್ಟು ಖುಷಿ. ಸೋತವರೂ ನೋಡಲಿ ಎಂದು ರಮಾ ಮೇಡಂರನ್ನೂ ಊಟಕ್ಕೆ ಕರೆಸಿ, ಪಂಕ್ತಿಯ ನಡುವೆ ನಿಂತು ಭಾಷಣ ಶುರುಮಾಡಿದ.

ಅಷ್ಟರಲ್ಲಿ ಮಠದ ಪರಿಚಾರಕ ಹೊನ್ನಯ್ಯ ಒಂದು ಕಟ್ಟು ಹಿಡಿದು ಒಳಬಂದ.

"ಮೊದಲ ಕಾಗದ ಗದ್ದುಗೆಗೆ ಅಂತ ಇಡಕ್ಕೆ ಬಂದೋರು ಇಡೀ ಕಟ್ಟೇ ಇಟ್ಟೋಗಿದ್ರಲ್ಲಾ. ನಮ್ ಸ್ವಾಮಿ ಬುದ್ಧಿಯೋರು ಇಪ್ಪತ್ತು ದಿನದಿಂದ ಇದುಕ್ಕೂ ಪೂಜೆ ಮಾಡ್ಸವ್ರೆ. ಇನ್ನೂ ಮಾಡ್ಬೇಕಾ, ಕೇಳ್ಕಂಡ್ ಬಾ ಅಂದ್ರು."

ಭಾಷಣ ಅಲ್ಲಿಗೇ ನಿಂತಿತು. ಅಂದು ಮಠದಲ್ಲಿ ವಿಭೂತಿ ಪಡೆದು ಮನೆಗೆ ಬಂದ ಏಕಾಂತಯ್ಯ, ಕಾಗದಗಳನ್ನು ಅಂಚೆಗೆ ಹಾಕಿಯಾಯಿತೆಂದೇ ನಂಬಿದ್ದ. ರಮಾ ಮೇಡಂ ಒಂದು ಲಕೋಟೆ ತಿರುಗಿಸಿ ನೋಡಿದರು.

"ಸ್ಟಾಂಪೂ ಅಂಟ್ಸಿಲ್ವಲ್ಲ ಯಜಮಾನ್ರೇ!"

ಕಾಂತಮ್ಮ ಕಟ್ಟನ್ನು ಗಂಡನ ಕೈಗೆ ತುರುಕಿದಳು. "ಎಲ್ಲಾ ಇಲ್ಲೇ ಕೂತವ್ರೆ. ಹೆಸರು ಕೂಗಿ ಹಂಚಿ."

ರೇಷ್ಮೆ ಪಂಚೆ ಎತ್ತಿ ಕಟ್ಟಿ ಏಕಾಂತಯ್ಯ ಹೊರಟ. "ಪೋಸ್ಟ್! ಹಗರೆ ಷಡಕ್ಷರಪ್ಪ!"

ಷಡಕ್ಷರಪ್ಪ ಅದುವರೆಗೂ ಬಡಿಸಿದ ಎಲೆ ಮುಟ್ಟಿರಲಿಲ್ಲ. ಕಾಗದವನ್ನು ಕಣ್ಣಿಗೊತ್ತಿಕೊಂಡು, ಒಂದಕ್ಷರ ಬಿಡದೆ ಓದಿ, ಮಡಿಸಿ ಜೇಬಿಗಿಟ್ಟ.

"ಈಗ ಕರ್ದಂಗಾಯ್ತು ಭಾವ. ಪಾಯಸ ಬಿಡ್ಸು."