ಮಾವನ ಡ್ರಮ್ಮಿಗೆ ಬಿದ್ದ ಮಳೆ

ಮಳೆ ಬಂದರೆ ಕೆಲವರು ಕೊಡೆ ಹುಡುಕುತ್ತಾರೆ, ಕೆಲವರು ಬೋಂಡಾ ಕರಿಯಲು ಎಣ್ಣೆ ಇಡುತ್ತಾರೆ. ನಮ್ಮ ಸೋದರಮಾವ ಮಾತ್ರ ಜಗಳಕ್ಕೆ ನಿಲ್ಲುತ್ತಿದ್ದ! ಸೊಂಟದ ಮೇಲೆ ಕೈಯಿಟ್ಟು, ಸೂರಿನಿಂದ ಧೋ ಎಂದು ಸುರಿದು ಮೋರಿಯ ಪಾಲಾಗುವ ನೀರನ್ನು ನೋಡುತ್ತಾ, "ನನ್ನ ಮನೆ ಮ್ಯಾಲೆ ಬಿದ್ದ ನೀರು, ನನ್ನ ಒಂದ್ಮಾತು ಕೇಳ್ದೆ ಅದೆಂಗ್ಲಾ ಓಯ್ತದೆ?" ಎಂದು ಕೇಳುತ್ತಿದ್ದ. ನೀರು ಉತ್ತರ ಕೊಡುತ್ತಿರಲಿಲ್ಲ. ಕೊಟ್ಟಿದ್ದರೆ ಅದರೊಡನೆಯೂ ವಾದಕ್ಕೆ ಕೂರುವ ಆಸಾಮಿ ಅವನು.

ಮಾವನ ಊರು ನಾಗಮಂಗಲ ತಾಲ್ಲೂಕಿನಲ್ಲಿ, ದೇವಲಾಪುರದ ಆಚೆ. ಅವನ ನಾಲಿಗೆಯ ಮೇಲೆ ಸದಾ ಇರುತ್ತಿದ್ದ ಮಾತು ಒಂದೇ: "ಆಯ್ತದೆ ಬುಡ್ಲಾ!" ಆಗುವುದಿಲ್ಲ ಎಂಬ ಮಾತನ್ನು ಅವನ ಬಾಯಿಂದ ಕೇಳಿದವರು ಆ ಊರಿನಲ್ಲೇ ಇರಲಿಲ್ಲ. ಒಮ್ಮೆ ಎತ್ತಿನಗಾಡಿಯ ಚಕ್ರಕ್ಕೆ ಸೈಕಲ್ಲಿನ ಡೈನಮೋ ಕಟ್ಟಿ, ಮುಂದಿನ ಮೂಕಿಮರಕ್ಕೆ ದೀಪ ಸಿಕ್ಕಿಸಿದ್ದ. ಆದರೆ ಅವನು ಗಾಡಿ ಹೂಡುತ್ತಿದ್ದದ್ದು ಹಗಲಿನಲ್ಲಿ ಮಾತ್ರ. ಮಟಮಟ ಮಧ್ಯಾಹ್ನ ನಾನು ಬಗ್ಗಿ ನೋಡಿ, "ಮಾವ, ದೀಪ ಉರೀತಿಲ್ವಲ್ಲ?" ಎಂದರೆ, "ಉರೀತಾ ಅದೆ ಕಣ್ಲಾ ಅಳಿಮಯ್ಯ, ಬಿಸ್ಲಲ್ಲಿ ನಿನ್ನ ಕಣ್ಗೆ ಕಾಣ್ತಿಲ್ಲ ಅಷ್ಟೆಯ!" ಎಂದ. ಇಂಥವನನ್ನು ಸೋಲಿಸುವುದು ಹೇಗೆ?

ಅವನು ಮಳೆಯ ತಂಟೆಗೆ ಹೋಗಿದ್ದಕ್ಕೆ ಕಾರಣ ಅತ್ತೆಯ ಸೊಂಟ. ತೊಂಬತ್ತರ ದಶಕದ ಒಂದು ಬೇಸಗೆಯಲ್ಲಿ ಬೀದಿಕೊನೆಯ ಬೋರಿಂಗಿನಿಂದ ನೀರು ತರುವಾಗ ಅತ್ತೆಯ ಸೊಂಟ ಹಿಡಿದುಕೊಂಡು, ಒಂದು ತಿಂಗಳು ಹಾಸಿಗೆ ಬಿಡಲಿಲ್ಲ. ನಾಗಮಂಗಲದ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: "ಇನ್ನೊಂದು ಸಲ ನೀವು ಬಿಂದಿಗೆ ಎತ್ತಿದರೆ, ಆಮೇಲೆ ನಿಮ್ಮನ್ನೇ ನಾಲ್ಕು ಜನ ಎತ್ತಬೇಕಾಗುತ್ತೆ."

ಅಡುಗೆಗೆ, ದನಕ್ಕೆ ಬೇಕಾದ ನೀರನ್ನು ಮಾವನೇ ಹೊತ್ತು ಹಾಕಿದ. ಆದರೆ ಹಿತ್ತಲ ಗತಿ? ಸೀಬೆ, ನಿಂಬೆ, ಕರಿಬೇವು, ಸಾಲು ಕನಕಾಂಬರ, ಮೂಲೆಯಲ್ಲಿ ಅತ್ತೆ ತನ್ನ ತವರು ಬೂಕನಕೆರೆಯಿಂದ ತಂದು ನೆಟ್ಟಿದ್ದ ಮಲ್ಲಿಗೆ ಗಿಡ. ಮಕ್ಕಳಿಲ್ಲದ ಅತ್ತೆಗೆ ಸಂಜೆಯ ಸಂಸಾರವೆಲ್ಲ ಅಲ್ಲೇ. ನೀರು ಹಾಕುತ್ತಾ ಸೀಬೆಯನ್ನು ಬೈಯುತ್ತಿದ್ದಳು, ನಿಂಬೆಯನ್ನು ವಿಚಾರಿಸುತ್ತಿದ್ದಳು, ಮಲ್ಲಿಗೆಗೆ ಮಾತ್ರ ಮನೆಯ ಗುಟ್ಟನ್ನೆಲ್ಲ ಹೇಳುತ್ತಿದ್ದಳು. ಮಾವನ ಮೇಲಿನ ದೂರುಗಳೂ ಅದರ ಬುಡಕ್ಕೇ ಹೋಗುತ್ತಿದ್ದವು. ಅಷ್ಟು ಗೊಬ್ಬರ ಬಿದ್ದ ಮೇಲೆ ಗಿಡ ಹೂ ಬಿಡದೆ ಇರುತ್ತದೆಯೇ!

ಹಾಸಿಗೆಯಿಂದೆದ್ದ ವಾರದಲ್ಲೇ ಅತ್ತೆ ಕದ್ದು ಬಿಂದಿಗೆಗೆ ಕೈ ಹಾಕಿ ಸಿಕ್ಕಿಬಿದ್ದಳು. ಮಾವ ಕೂಗಾಡಿದ. ಅತ್ತೆಯೂ ಸುಮ್ಮನಿರಲಿಲ್ಲ.

"ಅವು ನನ್ನ ಕಣ್ಮುಂದೆ ಒಣಗ್ತಾ ಇದ್ರೆ ನಾನು ಕೂತ್ಕಂಡು ಮುದ್ದೆ ಉಣ್ಣದಾ? ಆಗಾಕಿಲ್ಲ ನನ್ನ ಕೈಲಿ!"

"ಈ ಮಳೆಗಾಲ ಮುಗಿಯೋದ್ರೊಳ್ಗೆ ನೀರೇ ನಡ್ಕಂಡು ನಿನ್ನ ಗಿಡದ ಬುಡುಕ್ಕೆ ಬತ್ತದೆ ಕಣಮ್ಮಿ. ಅಲ್ಲೀಗಂಟ ಬಿಂದ್ಗೆ ಮುಟ್ಟಿದ್ರೆ ನನ್ನಾಣೆ!" ಎಂದ ಮಾವ.

ಆಣೆಯೇನೋ ಅವನದು. ಹೆಗಲು ಮಾತ್ರ ನನ್ನದಾಯಿತು. ಪಾಂಡವಪುರದಲ್ಲಿ ಗುಮಾಸ್ತನಾಗಿದ್ದ ನಾನು ಭಾನುವಾರ ಮಾವನ ಮನೆಗೆ ಕೋಳಿಸಾರಿನ ಆಸೆಗೆ ಹೋಗುತ್ತಿದ್ದೆ. ಈಗ ಬಸ್ಸಿಳಿದು ಬಾಗಿಲಿಗೆ ಬಂದರೆ ಮಾವ ಕುಶಲ ಕೇಳುವ ಬದಲು ಬಿಂದಿಗೆ ಕೊಡುತ್ತಿದ್ದ.

ಮೊದಲು ಡ್ರಮ್ಮು ಬೇಕಿತ್ತು. ಬೆಳ್ಳೂರು ಕ್ರಾಸಿನ ಗುಜರಿ ಅಂಗಡಿಯಲ್ಲಿ ಎದೆಯೆತ್ತರದ ಕಬ್ಬಿಣದ ಡ್ರಮ್ಮೊಂದನ್ನು ಹಿಡಿದು ಬಸ್ಸಿನ ಮೇಲೆ ಹಾಕಿಸಿದ. ಕಂಡಕ್ಟರು ಲಗೇಜಿನ ಟಿಕೇಟು ಕೇಳಿದ.

"ಖಾಲಿ ಡ್ರಮ್ಮಿಗೆ ಎಂತ ಟಿಕೇಟಪ್ಪ? ಬೇಕಾದ್ರೆ ಬಡುದ್ ನೋಡು, ಒಳ್ಗೇನೂ ಇಲ್ಲ!"

ಕಂಡಕ್ಟರು ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಲೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತು, "ಒಳ್ಗೇನೂ ಇಲ್ಲ ಅಂತ ಬುಡಂಗಿದ್ರೆ, ಯಜಮಾನ್ರೆ, ನಿಮ್ದೂ ಟಿಕೇಟು ಬುಡ್ಬೇಕಾಯ್ತದೆ" ಎಂದ. ಬಸ್ಸೆಲ್ಲ ನಕ್ಕಿತು. ಮಾವ ಟಿಕೇಟು ತೆಗೆದುಕೊಂಡ.

ಆಮೇಲಿನದು ಸೂರಿನ ಕೆಲಸ. ನಮ್ಮ ಕಡೆಯವರಿಗೂ 'ಹ'ಕಾರಕ್ಕೂ ಹುಟ್ಟಿನಿಂದಲೇ ಮಾತಿಲ್ಲ ಕತೆಯಿಲ್ಲ ಎಂಬುದು ನಿಮಗೆ ಗೊತ್ತಿರಬೇಕು. ಹಾಲು ನಮಗೆ ಆಲು, ಹಾವು ಆವು. ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ, ಆ ದಿನದವರೆಗೆ. ಮಾವನ ಮನೆಯದು ಹೆಂಚಿನ ಮಾಡು. ನಮ್ಮವರು ಅದನ್ನು ಹಂಚು ಎನ್ನುತ್ತಾರೆ, ಅಂದರೆ ಅಂಚು! ಸೂರಿನ ತುದಿಯಲ್ಲಿ ಗೆದ್ದಲು ತಿಂದ ಮರದ ಪಟ್ಟಿಯೊಂದಿತ್ತು; ತುದಿಯಲ್ಲಿದ್ದದ್ದರಿಂದ ಅದೂ ಅಂಚೇ. ಅದನ್ನು ಕಿತ್ತು, ಆ ಜಾಗದಲ್ಲಿ ನೀರು ಹಿಡಿಯುವ ತಗಡಿನ ದೋಣಿ ಕೂರಿಸಬೇಕು. ಸೈಕಲ್ ಟ್ಯೂಬು ತರಲು ಕೆ.ಆರ್. ಪೇಟೆಗೆ ಹೊರಟ ಮಾವ ಗಾರೆ ಕೆಲಸದ ನಿಂಗಣ್ಣನಿಗೆ ಅವಸರದಲ್ಲಿ ಹೇಳಿದ:

"ಲೇ ನಿಂಗ, ನಾ ಬರೋದ್ರೊಳ್ಗೆ ಅಂಚು ಪೂರ್ತಿ ಕಿತ್ತಾಕ್ಬುಡ್ಲಾ. ದೋಣಿ ನಾನೇ ಬಂದು ಕೂರುಸ್ತೀನಿ."

ನಿಂಗಣ್ಣ ಹೇಳಿದ ಕೆಲಸ ಬಿಟ್ಟು ಬೇರೆ ಮಾಡುವವನಲ್ಲ. ಮಾವ, ಅವನ ಜೊತೆಗೆ ಟ್ಯೂಬು ಹೊತ್ತ ನಾನು, ಸಂಜೆ ಬಂದು ನೋಡುತ್ತೇವೆ: ಹುಣಸೆ ಮರದ ಕೆಳಗೆ ಹೆಂಚುಗಳು ಒಂದೂ ಮುಕ್ಕಾಗದ ಹಾಗೆ ಓರಣವಾಗಿ ಜೋಡಿಸಿ ಕೂತಿವೆ. ಮನೆ ಬರೀ ತಲೆಯಲ್ಲಿ ನಿಂತಿದೆ. ಒಳಗೆ ಅತ್ತೆ ಒಲೆಯ ಮುಂದೆ ಕೂತು ಆಕಾಶ ನೋಡುತ್ತಾ ಮುದ್ದೆ ತೊಳಸುತ್ತಿದ್ದಾಳೆ!

"ಅಂಚು ಕೀಳು ಅಂದ್ರೆ ಅಂಚು ಕಿತ್ಬುಟ್ಟಿದೀಯಲ್ಲೋ!" ಮಾವ ಕಿರುಚಿದ.

"ಅಂಚು ಕೀಳು ಅಂದ್ರಿ, ಅಂಚು ಕಿತ್ತಿವ್ನಿ. ಇನ್ನೇನು ಕೀಳ್ಬೇಕಿತ್ತು?"

ಅರ್ಧ ಗಂಟೆ ಇಬ್ಬರೂ ಅಂಚು ಅಂಚು ಎಂದೇ ಹೊಡೆದಾಡಿದರು. ಹ ಇದ್ದ ಅಂಚು ಯಾವುದು, ಇಲ್ಲದ್ದು ಯಾವುದು ಎಂದು ತೀರ್ಮಾನವಾಗುವ ಮೊದಲೇ ಭರಣಿ ಮಳೆ ಬಂತು. ಅಂದಿನ ಮಟ್ಟಿಗೆ ಮಾವನ ಯೋಜನೆ ಪೂರ್ಣ ಯಶಸ್ವಿ! ಒರಳಿನಲ್ಲಿ ನೀರು, ಹಂಡೆಯಲ್ಲಿ ನೀರು, ಮುದ್ದೆಯ ಮಡಕೆಯಲ್ಲೂ ನೀರು. ಗೋಣಿಚೀಲ ಹೊದ್ದು ಕೂತಿದ್ದ ಅತ್ತೆ ಶಾಂತವಾಗಿ ಹೇಳಿದಳು: "ಡ್ರಮ್ಮು ಯಾಕ್ ತಂದ್ರಿ ಸುಮ್ಕೆ? ಮನೇನೇ ಡ್ರಮ್ಮಾಯ್ತಲ್ಲ."

ಮಾಡು ಮತ್ತೆ ಹೊದೆಸಿ, ಕಿತ್ತುಹಾಕಬೇಕಾದ ಪಟ್ಟಿಯನ್ನೇ ಕಿತ್ತು ದೋಣಿ ಕೂರಿಸಿದ್ದಾಯಿತು. ಅದರ ಒಂದು ತುದಿಗೆ ಆಸರೆ ಸಾಲದೆ ಮಾವ ತಂತಿ ಬಿಗಿದು ಟೀವಿಯ ಆಂಟೆನಾ ಕಂಬಕ್ಕೆ ಕಟ್ಟಿದ. ಬೇಡ ಎಂದೆ. "ಆಯ್ತದೆ ಬುಡ್ಲಾ!" ಬೀದಿಯಲ್ಲಿ ಟೀವಿ ಇದ್ದದ್ದು ಮಾವನ ಮನೆಯಲ್ಲಿ ಮಾತ್ರ. ಭಾನುವಾರ ಸಂಜೆಯ ಕನ್ನಡ ಸಿನಿಮಾ ನೋಡಲು ಬೀದಿಗೆ ಬೀದಿಯೇ ಬಂದು ಕೂತಿತ್ತು. ನಾಯಕ ಖಳನ ಕತ್ತಿನಪಟ್ಟಿ ಹಿಡಿದು ಇನ್ನೇನು ಬಾರಿಸಬೇಕು, ಹೊರಗೆ ಮಳೆ ಬಂತು. ದೋಣಿ ತುಂಬಿ ಭಾರವಾಗಿ, ತಂತಿ ಜಗ್ಗಿ, ಆಂಟೆನಾ ಮೆಲ್ಲಗೆ ಮೋರಿಯ ಕಡೆ ಮುಖ ತಿರುಗಿಸಿತು. ಪರದೆಯ ತುಂಬ ಬಿಳಿ ಚುಕ್ಕೆ!

"ನೋಡ್ರಲಾ, ಟೀವಿ ಒಳ್ಗೂ ಮಳೆ!" ಎಂದು ಮಾವ ಚಪ್ಪಾಳೆ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲ. ಆ ಏಟು ಬಿತ್ತೋ ಇಲ್ಲವೋ ಎಂದು ಊರಿಗೆ ಇವತ್ತಿಗೂ ಗೊತ್ತಿಲ್ಲ.

ಆದರೂ ಹೇಳಲೇಬೇಕು, ಹಸ್ತ ಮಳೆಯ ಹೊತ್ತಿಗೆ ಅವನು ಗೆದ್ದ. ಸೂರಿನ ನೀರು ದೋಣಿಗೆ, ದೋಣಿಯಿಂದ ಕಲ್ಲುಕಟ್ಟೆಯ ಮೇಲಿನ ಡ್ರಮ್ಮಿಗೆ, ಡ್ರಮ್ಮಿನಿಂದ ಕತ್ತರಿಸಿ ಅಂಟಿಸಿದ ಸೈಕಲ್ ಟ್ಯೂಬುಗಳ ಮೂಲಕ ಒಂದೊಂದು ಗಿಡದ ಬುಡಕ್ಕೆ. ಟ್ಯೂಬಿಗೆ ಕೊರೆದ ತೂತಿಗೆ ಹಳೇ ಪೆನ್ನಿನ ಖಾಲಿ ರೀಫಿಲ್ಲು. ಡ್ರಮ್ಮಿನ ಬುಡದ ನಲ್ಲಿ ತಿರುಗಿಸಿದರೆ ಹಿತ್ತಲಿಗೆ ಹಿತ್ತಲೇ ತೊಟ್ಟಿಕ್ಕುತ್ತಿತ್ತು. ನೀರು ನಿಜವಾಗಿಯೂ ನಡೆದುಕೊಂಡೇ ಬಂತು! ಮಾವ ಬೀದಿಯವರನ್ನೆಲ್ಲ ಕರೆದು ತೋರಿಸಿ ಮಂಡಕ್ಕಿ ಹಂಚಿದ. ಮಳೆ ಕೈಕೊಟ್ಟ ವಾರಗಳಲ್ಲಿ ಡ್ರಮ್ಮು ತುಂಬುತ್ತಿದ್ದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಆ ವಾರಗಳಲ್ಲಿ ಡ್ರಮ್ಮಿಗೆ ಬೀಳುತ್ತಿದ್ದ ಮಳೆ ನಾನೇ.

ಒಂದು ಭಾನುವಾರ ಸಂಜೆ ಹೋದಾಗ ಅತ್ತೆ ಜಗಲಿಯ ಮೇಲೆ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು. ಗಿಡಗಳೆಲ್ಲ ಚಿಗುರಿ ನಿಂತಿದ್ದವು. ಅತ್ತೆಯ ಮುಖವೇ ಬಾಡಿತ್ತು.

"ಸೊಂಟ ನೋವಾ ಅತ್ತೆ?"

"ಸೊಂಟ ಚೆಂದಾಗದೆ ಕಣಪ್ಪ. ಬಯ್ಗಾದ್ರೆ ಏನ್ ಮಾಡದು ಅಂತ ಗೊತ್ತಾಯ್ತಿಲ್ಲ. ನಲ್ಲಿ ತಿರುಗ್ಸಿದ್ರೆ ಆಗೋಯ್ತು. ಬರೀಗೈಲಿ ಅವುಗಳ ಮುಂದೆ ಓಗಿ ನಿಂತ್ಕಂಡು ಏನ್ ಮಾತಾಡ್ಲಿ? ನಾನು ಇದೀನೋ ಇಲ್ವೋ ಅನ್ನೋದೂ ಅವುಕ್ಕೆ ಮರ್ತೋಗದೆ."

ಒಳಗೆ ಟ್ಯೂಬಿಗೆ ತೇಪೆ ಹಾಕುತ್ತಿದ್ದ ಮಾವ ಒಮ್ಮೆ ಕೈ ನಿಲ್ಲಿಸಿದ. ಮತ್ತೆ ತೇಪೆ ಹಾಕತೊಡಗಿದ.

ಮುಂದಿನ ಸಲ ಹೋದಾಗ ಬೀದಿಯಲ್ಲೇ ಸುದ್ದಿ ಸಿಕ್ಕಿತು: ಮಾವ ಸೋತಿದ್ದಾನಂತೆ! ಓಡಿಹೋಗಿ ನೋಡಿದೆ. ತೇಪೆ ನಿಲ್ಲುತ್ತಿಲ್ಲವೆಂದು ಹಳೇ ಟ್ಯೂಬುಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆದಿದ್ದ. ಎಲ್ಲ ಗಿಡಕ್ಕೂ ನೀರು ಹೋಗುತ್ತಿತ್ತು, ಮೂಲೆಯ ಮಲ್ಲಿಗೆಯೊಂದನ್ನು ಬಿಟ್ಟು. ಟ್ಯೂಬು ಅದಕ್ಕೆ ಎರಡು ಮಾರು ಹಿಂದೆಯೇ ನಿಂತುಬಿಟ್ಟಿತ್ತು.

"ಎಟುಕ್ನಿಲ್ಲ ಕಣ್ಲಾ ಅಳಿಮಯ್ಯ" ಎಂದ ಮಾವ, ನೆಲ ನೋಡುತ್ತಾ. "ಏನೇನೋ ಮಾಡ್ದೆ. ನನ್ನ ಕೈಲಿ ಆಗ್ನಿಲ್ಲ."

ಆಗ್ನಿಲ್ಲ! ಮಾವನ ಬಾಯಲ್ಲಿ!

ಅತ್ತೆಗೋ ಹಬ್ಬ. ಡ್ರಮ್ಮಿನ ನಲ್ಲಿಯ ಕೆಳಗೆ, ಬಗ್ಗದೆ ಕೈಗೆ ಸಿಗುವ ಹಾಗೆ ಕಟ್ಟೆಯ ಮೇಲೊಂದು ಹಿತ್ತಾಳೆ ಚೊಂಬಿತ್ತು. ಅದನ್ನು ತುಂಬಿಕೊಂಡು, ಬರುವವರಿಗೆ ಹೋಗುವವರಿಗೆಲ್ಲ, "ಒಂದು ಗಿಡುಕ್ಕೆ ನೀರು ಮುಟ್ಸಕ್ಕಾಗ್ನಿಲ್ಲ ನಮ್ಮ ಇಂಜಿನಿಯರಪ್ಪುಂಗೆ!" ಎಂದು ಸಾರುತ್ತಿದ್ದಳು. ಒಂದು ಮಾತೂ ಸಹಿಸದ ಮಾವ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ನನಗೆ ಅವನ ಮೇಲೆ ನಿಜಕ್ಕೂ ಮರುಕ ಹುಟ್ಟಿತು. ಪಾಂಡವಪುರದಿಂದ ನಾನೇ ಒಂದು ತುಂಡು ಟ್ಯೂಬು ತಂದುಕೊಟ್ಟರಾಯಿತು ಎಂದುಕೊಂಡೆ.

ದನಕ್ಕೆ ಹುಲ್ಲು ಎಳೆಯಲು ಕೊಟ್ಟಿಗೆಗೆ ಹೋದೆ. ಹುಲ್ಲಿನ ಜೊತೆಗೆ ಕೈಗೆ ಬಂದದ್ದು ಟ್ಯೂಬು. ಎಳೆದೆ, ಬಂತು. ಮತ್ತೆ ಎಳೆದೆ, ಮತ್ತೂ ಬಂತು. ಅಂಟಿಸಿ, ತೇಪೆ ಹಾಕಿ, ಸುರುಳಿ ಸುತ್ತಿಟ್ಟ ಟ್ಯೂಬು. ಮೂಲೆಯ ಮಲ್ಲಿಗೆ ಇರಲಿ, ಪಕ್ಕದ ಮನೆಯ ಹಿತ್ತಲಿಗೂ ಸಾಲುವಷ್ಟು!

"ಮಾವ, ಇಷ್ಟೊಂದು ಮಿಕ್ಕದಲ್ಲ..." ಎಂದೆ ಜೋರಾಗಿ. ಎಲ್ಲಿದ್ದನೋ, ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದ.

"ಮುಚ್ಲಾ ಬಾಯ್ನ! ನಿಮ್ಮತ್ತೆಗೆ ಕೇಳುಸ್ತದೆ."

ಗೋಡೆಯಾಚೆಯಿಂದ ಚೊಂಬಿನ ಸದ್ದು, ಅದರ ಹಿಂದೆಯೇ ಅತ್ತೆಯ ದನಿ: "ಎಲ್ಲಾರ್ಗೂ ಎಟುಕ್ತಂತೆ ಕಣವ್ವ, ನಿಂಗೊಬ್ಳಿಗೆ ಎಟುಕ್ನಿಲ್ವಂತೆ. ಕೊನೀಗೆ ನಾನೇ ಬರ್ಬೇಕಾಯ್ತು ನೋಡು..."

ಮಾವ ಉಸಿರು ಬಿಗಿಹಿಡಿದು, ತನ್ನ ಮೇಲಿನ ದೂರುಗಳನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಟ್ಯೂಬಿನ ಸುರುಳಿಯನ್ನು ಹುಲ್ಲಿನ ಅಡಿಗೆ, ನನ್ನ ಕೈಗೂ ಎಟುಕದಷ್ಟು ಒಳಕ್ಕೆ ತಳ್ಳಿದ.