ಎರಡು ತಮಂಚಾ, ಒಂದು ಪರವಾನಗಿ

ಎರಡರಲ್ಲಿ ಒಂದನ್ನು ಆರಿಸು ಎಂದರೆ ನನಗೆ ಕೈಕಾಲು ತಣ್ಣಗಾಗುತ್ತವೆ. ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದಿದ್ದರೆ ಆರಿಸುವುದಕ್ಕೆ ನಾನೇ ಏಕೆ ಬೇಕು? ನಮ್ಮ ಅಂಗಡಿಯ ಹೆಗ್ಗಣ ಕೂಡ ಹುಳುಕು ಜೋಳದ ಚೀಲ ಬಿಟ್ಟು ಒಳ್ಳೆಯ ಜೋಳದ ಚೀಲಕ್ಕೇ ಬಾಯಿ ಹಾಕುತ್ತದೆ. ಕಷ್ಟವಿರುವುದು ಎರಡೂ ಒಂದೇ ಥರ ಇದ್ದಾಗ. ಮದುವೆಯ ದಿನ ಧೋತರದ ಜೋಡಿಯಲ್ಲಿ ಯಾವುದನ್ನು ಉಡಲಿ ಎಂದು ನಾನು ಅರ್ಧ ತಾಸು ಯೋಚಿಸುತ್ತ ನಿಂತಿದ್ದೆನಂತೆ. ಹೊರಗೆ ಅಕ್ಷತೆ ಹಿಡಿದು ಕುಳಿತವರ ಕೈ ಬೆವತು ಅಕ್ಕಿ ಅಂಟಿಕೊಂಡಿತ್ತೆಂದು ಹೆಂಡತಿ ಈಗಲೂ ಹೇಳುತ್ತಾಳೆ. ದೇವಣಿಯ ಸಂತೆಯಲ್ಲಿ ಒಂದೇ ಮೈಬಣ್ಣದ ಎರಡು ಹೋರಿಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ಸುತ್ತಿ, ಎರಡನ್ನೂ ಬಿಟ್ಟು, ಒಂದು ಹಗ್ಗ ಕೊಂಡುಕೊಂಡು ಬಂದವನು ನಾನು. ಇಂಥವನಿಗೆ ಸರಕಾರ ಎರಡು ಹಳೆಯ ರಿವಾಲ್ವರುಗಳನ್ನು ತೋರಿಸಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕೊಡು ಎಂದಿತು.

ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಉದಗೀರಿನ ಪೇಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿ, ಇಂಥವನಿಗೆ ರಿವಾಲ್ವರು ಯಾಕೆ ಎಂದು ನೀವು ಕೇಳಬಹುದು. ಕೇಳಲೇಬೇಕು. ನಮ್ಮ ಅಪ್ಪ ಮತ್ತು ನಿಲಂಗಾದ ನಮ್ಮ ಮಾವ ಸಣ್ಣವರಿದ್ದಾಗಿನಿಂದ ಗೆಳೆಯರು. ಯಾವನೋ ಒಬ್ಬ ಬಿಳಿಯ ಸಾಹೇಬ ಊರು ಬಿಟ್ಟು ಹೋಗುವಾಗ ಅವನ ಸಾಮಾನಿನ ಹರಾಜಾಯಿತಂತೆ. ಇಬ್ಬರೂ ಒಂದೊಂದು ಕುರ್ಚಿ ತರುತ್ತೇವೆಂದು ಹೋದವರು ಒಂದೊಂದು ರಿವಾಲ್ವರು ತಂದರು. ಜೋಡಿ ರಿವಾಲ್ವರು ಅವು. ಅದೇ ಕಪ್ಪು ಕಬ್ಬಿಣ, ಅದೇ ಮರದ ಹಿಡಿ, ಆರು ಗುಂಡು ತುಂಬುವ ಅದೇ ಗಾಲಿ. ನಮ್ಮ ಕಡೆ ಅದಕ್ಕೆ ತಮಂಚಾ ಎನ್ನುತ್ತಾರೆ. ಮನೆಗೆ ಬಂದ ಮೇಲೆ ಇಬ್ಬರಿಗೂ ಭಯವಾಗಿ, ಮಠದ ಸ್ವಾಮಿಗಳ ಹತ್ತಿರ ಹೋಗಿ, ಇದನ್ನು ಯಾವ ಜೀವದ ಕಡೆಗೂ ತಿರುಗಿಸುವುದಿಲ್ಲ, ದಸರೆಯ ಚಾಂದಮಾರಿಯಲ್ಲಿ ಮಣ್ಣಿನ ಮಗಿಗಳಿಗೆ ಗುರಿ ಹೊಡೆಯುತ್ತೇವೆ, ಅಷ್ಟೇ, ಎಂದು ಲಿಂಗ ಮುಟ್ಟಿ ಆಣೆ ಮಾಡಿದರು. ಪರವಾನಗಿಯಲ್ಲೂ ‘ಚಾಂದಮಾರಿಗೆ ಮಾತ್ರ’ ಎಂದೇ ಬರೆಸಿಕೊಂಡರು. ಮುಂದೆ ನಮ್ಮಪ್ಪನ ಮಗನಿಗೆ, ಅಂದರೆ ನನಗೆ, ನಿಲಂಗಾದ ಗೆಳೆಯನ ಮಗಳು ಶರಣಮ್ಮ ಹೆಂಡತಿಯಾಗಿ ಬಂದಳು.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವರ ಗುರಿಯ ಸಾಕ್ಷಿಯಾಗಿ ನಮ್ಮ ಪಡಸಾಲೆಯ ಗೋಡೆಗೆ ಒಂದು ತಾಮ್ರದ ತಂಬಿಗೆ ತೂಗುಹಾಕಿದೆ. ಅದರ ಹೊಟ್ಟೆಯಲ್ಲಿ ದುಂಡಗೆ ಒಂದು ತೂತು. ಅರವತ್ತು ಹೆಜ್ಜೆಯಿಂದ ಅಪ್ಪ ಹೊಡೆದದ್ದು. ಮನೆಗೆ ಬಂದವರೆಲ್ಲ ಆ ತೂತಿನಲ್ಲಿ ಕಿರುಬೆರಳು ಹಾಕಿ ನೋಡಿ ‘ವ್ಹಾ!’ ಎನ್ನುವುದನ್ನು ಕೇಳುತ್ತಲೇ ನಾನು ಬೆಳೆದೆ. ಅಪ್ಪನ ಕೈಯ ಕಾಲುಭಾಗ ನನಗೆ ಬಂದಿದ್ದರೂ ಸಾಕಿತ್ತು ಎಂದು ಎಷ್ಟೋ ಸಲ ಕೊರಗಿದ್ದೇನೆ.

ಮೂರು ವರ್ಷದ ಹಿಂದಿನ ಶ್ರಾವಣದಲ್ಲಿ ಮಾವನೂ ಹೋದರು. ಗಂಡುಮಕ್ಕಳಿರಲಿಲ್ಲ. ಮನೆ, ಹೊಲ, ಬಾವಿ ಎಲ್ಲ ದಾಯಾದಿಗಳ ಪಾಲಾಯಿತು. ಶರಣಮ್ಮ ತವರಿನಿಂದ ತಂದದ್ದು ಒಂದೇ ಗಂಟು: ತನ್ನಪ್ಪನ ಹಳೆಯ ರುಮಾಲು, ಅದರೊಳಗೆ ಅವರ ರಿವಾಲ್ವರು. ಇನ್ನು ನಿಲಂಗಾಕ್ಕೆ ಹೋದರೆ ಇಳಿಯುವುದಕ್ಕೆ ಅವಳಿಗೆ ಒಂದು ಹೊಸ್ತಿಲು ಉಳಿದಿರಲಿಲ್ಲ. ಇದು ಕಾನೂನಿನ ಸಾಮಾನು, ಬರೆಸಿಬರೋಣ ಎಂದು ನಾನು ಪ್ರಾಮಾಣಿಕನಂತೆ ತಹಸೀಲ ಕಚೇರಿಗೆ ಹೋದೆ. ಪ್ರಾಮಾಣಿಕತೆಯ ಫಲ ಕೂಡಲೇ ಸಿಕ್ಕಿತು. ಒಂದು ಮನೆಗೆ ಒಂದೇ ಪರವಾನಗಿ, ಒಂದೇ ಹತಿಯಾರ. ದಸರೆಯೊಳಗೆ ಯಾವುದಾದರೂ ಒಂದನ್ನು ಸರಕಾರದ ಮಾಲಖಾನೆಗೆ ಜಮಾ ಮಾಡಬೇಕು. ಜಮಾ ಮಾಡಿದ್ದು ಮತ್ತೆ ಸಿಗುವುದಿಲ್ಲ. ಕಾಗದಪತ್ರ ನೋಡುವ ಪೇಶಕಾರರು ಹುಕುಮನ್ನು ಓದಿ ಹೇಳಿ, ‘ಫಿಕಿರ್ ಯಾಕ್ರಿ ಸಾವಕಾರ್ರ, ಎರಡೂ ಒಂದೇ ನಮೂನಿ ಅವ. ಯಾವದರ ಒಂದು ಕೊಟ್ಟು ಬಿಡ್ರಿ’ ಎಂದರು. ಆ ಮನುಷ್ಯನ ಮನೆಯಲ್ಲಿ ತಾಯಿ ಮತ್ತು ಹೆಂಡತಿ ಒಟ್ಟಿಗೆ ಇರಲಿಲ್ಲವೆಂದು ಕಾಣುತ್ತದೆ.

ಮನೆಗೆ ಬಂದು ಹೇಳಿದೆ. ಅವ್ವ ಕಾಳು ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು. ‘ಅದು ನಿಮ್ಮಪ್ಪನ ಕೈ ಆಡಿದ ಚೀಜ. ಅದು ಕಚೇರಿಗಿ ಹೋಯ್ತಂದ್ರ ನಾನೂ ಅದರ ಬೆನ್ನ ಹಿಂದೇ ಹೋಗಿ ಕಚೇರಿ ಕಟ್ಟಿ ಮ್ಯಾಲ ಕೂಡ್ತೀನಿ. ನೀ ಅಲ್ಲಿಗೇ ರೊಟ್ಟಿ ಕಟ್ಕೊಂಡು ಬಾ’ ಎಂದಳು. ಶರಣಮ್ಮ ರುಮಾಲಿನ ಗಂಟನ್ನು ಎತ್ತಿ ಒಳಗಿನ ಗೂಡಿನಲ್ಲಿಟ್ಟು, ರೊಟ್ಟಿ ಬಡಿಯಲು ಕುಳಿತಳು. ಅವ್ವನ ಮಾತಿಗೆ ಉತ್ತರ ಹುಡುಕಬಹುದು. ಹೆಂಡತಿ ಸುಮ್ಮನಿದ್ದು ರೊಟ್ಟಿ ಬಡಿಯುವ ಸಪ್ಪಳಕ್ಕೆ ಉತ್ತರ ಎಲ್ಲಿಂದ ತರುವುದು? ಅಂದು ನಾನು ಎರಡು ರೊಟ್ಟಿ ಹೆಚ್ಚು ತಿಂದೆ, ಬೇಡ ಎನ್ನಲು ಧೈರ್ಯವಾಗದೆ.

ಮರುದಿನದಿಂದ ನ್ಯಾಯಾಧೀಶನ ಕೆಲಸ ಶುರುಮಾಡಿದೆ. ಎರಡನ್ನೂ ಅಂಗಡಿಗೆ ಒಯ್ದು ಪಕ್ಕಪಕ್ಕ ಇಟ್ಟು ನೋಡಿದೆ. ಅಪ್ಪನದರ ಹಿಡಿಯ ತುದಿಯಲ್ಲಿ ಸಣ್ಣ ಸೀಳು. ಒಮ್ಮೆ ಪೂಜೆಯ ಅವಸರದಲ್ಲಿ ಅಪ್ಪ ಅದರಿಂದಲೇ ತೆಂಗಿನಕಾಯಿ ಒಡೆದಿದ್ದರಂತೆ. ಅದೊಂದು ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ. ಬೇರೆ ದಾರಿ ಕಾಣದೆ ನನಗೆ ಗೊತ್ತಿದ್ದ ವಿದ್ಯೆಯನ್ನೇ ಉಪಯೋಗಿಸಿ, ತಕ್ಕಡಿಯ ಆ ತಟ್ಟೆಗೊಂದು ಈ ತಟ್ಟೆಗೊಂದು ಇಟ್ಟೆ. ಮಾವನದು ಮೂರು ತೊಗರಿಕಾಳಿನಷ್ಟು ಭಾರವಾಯಿತು. ತಟ್ಟೆ ಬದಲಿಸಿ ಇಟ್ಟರೆ ಅಪ್ಪನದು ಮೂರು ತೊಗರಿಕಾಳು ಭಾರವಾಯಿತು. ರಿವಾಲ್ವರಿನ ಬಗ್ಗೆ ಏನೂ ತಿಳಿಯದಿದ್ದರೂ ತಕ್ಕಡಿಯ ಬಗ್ಗೆ ಒಂದು ವಿಷಯ ತಿಳಿಯಿತು; ಅದನ್ನು ಗಿರಾಕಿಗಳಿಗೆ ಕಾಣದಂತೆ ಸರಿಪಡಿಸಿದೆ. ಕೊನೆಗೆ ಹೊಲದಲ್ಲಿ ಎರಡರಿಂದಲೂ ಆರಾರು ಗುಂಡು ಹಾರಿಸುವುದು, ಯಾವುದು ಹೆಚ್ಚು ಮಗಿ ಒಡೆಯುತ್ತದೋ ಅದು ಮನೆಯಲ್ಲಿ ಉಳಿಯುವುದು ಎಂದು ತೀರ್ಪು ಕೊಟ್ಟೆ. ಇಬ್ಬರೂ ಒಪ್ಪಿದರು. ನನ್ನ ತಲೆಯ ಭಾರವನ್ನು ಗುಂಡಿನ ತಲೆಗೆ ಹಾಕಿದ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಪಂದ್ಯದ ಹಿಂದಿನ ದಿನ ಮಧ್ಯಾಹ್ನ, ಮರೆತ ಕೀಲಿಕೈಗಾಗಿ ಅಂಗಡಿಯಿಂದ ಮನೆಗೆ ಬಂದೆ. ಅವ್ವ ಮಲಗಿದ್ದಳು. ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಶರಣಮ್ಮ ಒಂದು ಬಟ್ಟಲಿನಲ್ಲಿ ಘಾಸಲೇಟ, ಅಂದರೆ ಚಿಮಣಿ ಎಣ್ಣೆ, ಇಟ್ಟುಕೊಂಡು ರಿವಾಲ್ವರನ್ನು ತಿಕ್ಕುತ್ತಿದ್ದಳು. ತನ್ನಪ್ಪನದನ್ನು ಪಂದ್ಯಕ್ಕೆ ಸಜ್ಜು ಮಾಡುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋದರೆ ಹಿಡಿಯಲ್ಲಿ ತೆಂಗಿನಕಾಯಿಯ ಸೀಳು! ಅದು ನಮ್ಮಪ್ಪನದು.

ವಿಷಯ ಇಷ್ಟೇ. ನಮ್ಮಲ್ಲಿ ಖಂಡೇ ಪೂಜೆಯ ದಿನ, ಅಂದರೆ ದಸರೆಯ ಹಿಂದಿನ ದಿನ, ಮನೆಯಲ್ಲಿರುವ ಕುಡುಗೋಲು, ಕೊಡಲಿ, ಈಳಿಗೆ ಎಲ್ಲವನ್ನೂ ತೊಳೆದು, ಕುಸುಬಿ ಎಣ್ಣೆ ಹಚ್ಚಿ, ವಿಭೂತಿ ಎಳೆದು ಪೂಜಿಸುತ್ತಾರೆ. ಅವ್ವ ಅಪ್ಪ ಹೋದಂದಿನಿಂದ ಒಂದು ವರ್ಷವೂ ತಪ್ಪದೆ ಅವರ ರಿವಾಲ್ವರಿಗೂ ಕುಸುಬಿ ಎಣ್ಣೆ ಸುರಿಯುತ್ತ ಬಂದಿದ್ದಳು, ಸಂದುಗೊಂದಿಗೆಲ್ಲ, ಪ್ರೀತಿಯಿಂದ. ಕುಸುಬಿ ಎಣ್ಣೆ ಊಟಕ್ಕೆ ಅಮೃತ. ಕಬ್ಬಿಣದ ಮೇಲೆ ನಿಂತರೆ ಒಣಗಿ ಅಂಟಾಗುತ್ತದೆ. ಅದರ ಮೇಲೆ ವಿಭೂತಿ ಬೇರೆ. ಅಪ್ಪ ಹೋದ ಮೇಲೆ ಯಾರೂ ಹಾರಿಸದ ಅದರ ಗಾಲಿ ತಿರುಗುತ್ತಿರಲಿಲ್ಲ, ಬೆರಳಿನಿಂದ ಎಳೆಯುವ ಕುದುರೆ ಅಲುಗುತ್ತಿರಲಿಲ್ಲ.

‘ಇದು ನಮ್ಮಪ್ಪಂದಲ್ಲ? ಹಿಂಗೇ ಬಿಟ್ಟಿದ್ರ ನಾಳಿಗಿ ನಿಂದೇ ಗೆಲ್ತಿತ್ತು’ ಎಂದೆ.

ಅವಳು ತಲೆ ಎತ್ತಲಿಲ್ಲ. ‘ಕಟ್ಟಿ ಹೋದ ತಮಂಚಾದ ಮುಂದ ಗೆದ್ರ ಅದೇನು ಗೆಲುವು ಆಯ್ತೇನ್ರೀ? ಅತ್ತಿಯವ್ರು ಇಷ್ಟು ವರ್ಷ ಜ್ವಾಪಾನ ಮಾಡ್ಯಾರ. ತಾವು ಹಚ್ಚಿದ ಎಣ್ಣಿಯಿಂದೇ ಕೆಟ್ಟದಂತ ಅವರಿಗಿ ಗೊತ್ತಾಗೋದು ಬ್ಯಾಡ. ನೀವು ನೋಡಿಲ್ಲ, ನಾ ಮಾಡಿಲ್ಲ.’ ಪಾರಿವಾಳದ ಗರಿಯನ್ನು ಘಾಸಲೇಟಿನಲ್ಲಿ ಅದ್ದಿ ಅವಳು ಗಾಲಿಯ ಆರೂ ತೂತುಗಳನ್ನು ಒಂದೊಂದಾಗಿ ಒರೆಸಿದಳು. ನಾನು ಕೀಲಿಕೈ ಮರೆತು ಮತ್ತೆ ಅಂಗಡಿಗೆ ಹೋದೆ.

ಮರುದಿನ ಮುಂಜಾನೆ ದೇವಣಿ ದಾರಿಯ ನಮ್ಮ ಹೊಲದ ಒಡ್ಡಿನ ಮೇಲೆ ಆರು ಮಗಿ ಸಾಲಾಗಿ ಇಟ್ಟೆವು. ಸಾಕ್ಷಿಗೆ ಕೋಟೆಯ ಹತ್ತಿರದ ಮುದುಕ, ಫೌಜಿನಲ್ಲಿದ್ದು ಬಂದ ಜಮಾದಾರ ದಸ್ತಗೀರಸಾಬ. ದಸರೆಯ ಚಾಂದಮಾರಿಗೆ ಅವನೇ ಪಂಚ. ನಾನು ಮೊದಲು ಮಾವನ ರಿವಾಲ್ವರು ಹಿಡಿದು ಆರು ಗುಂಡು ಹಾರಿಸಿದೆ. ಹೊಗೆ ಸರಿದಾಗ ಆರೂ ಮಗಿಗಳು ಕುಶಲವಾಗಿದ್ದವು. ಅಪ್ಪನದು ಹಿಡಿದು ಆರು ಹಾರಿಸಿದೆ. ಹೆಂಡತಿಯ ಘಾಸಲೇಟಿನ ಪುಣ್ಯ, ಬೆಣ್ಣೆಯಂತೆ ತಿರುಗಿತು. ಮಗಿಗಳು ಮತ್ತೂ ಕುಶಲವಾಗಿದ್ದವು. ಎತ್ತು ಮೇಯಿಸುತ್ತಿದ್ದ ನಮ್ಮ ಒಕ್ಕಲಿಗ ಮಾತ್ರ ಎತ್ತುಗಳನ್ನು ಹೊಡೆದುಕೊಂಡು ಪಕ್ಕದ ಊರಿನ ಸೀಮೆ ಸೇರಿದ್ದ. ನಮ್ಮ ಮನೆತನದ ಆಣೆಗೆ ಮಠದ ತನಕ ಹೋಗುವ ಅಗತ್ಯವಿರಲಿಲ್ಲ. ನಾನು ಗುರಿಯಿಟ್ಟ ಯಾವ ಜೀವಕ್ಕೂ ಅಪಾಯವಿಲ್ಲ, ಪಕ್ಕದಲ್ಲಿ ನಿಂತವರು ಜೋಪಾನವಾಗಿದ್ದರೆ ಸಾಕು.

ದಸ್ತಗೀರಸಾಬ ಎರಡನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಬಹಳ ಮರ್ಯಾದೆಯಿಂದ ಹೇಳಿದ: ‘ಚೀಜ್ ಎರಡೂ ಬಿಲ್ಕುಲ್ ಒಳ್ಳೇವ ಅವ, ಸಾವಕಾರ್ರ. ಬದಲಿ ಮಾಡೋದಿದ್ರ ಕೈ ಬದಲಿ ಮಾಡ್ರಿ.’

ಆರು ಮಗಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಗೆ ಬಂದೆ. ಅವ್ವ ಎಣಿಸಿ ನೋಡಿ, ಹಾಲಿಗೆ ಹೆಪ್ಪು ಹಾಕಲು ಬಂದವು ಎಂದು ಎತ್ತಿಟ್ಟಳು. ನಾನು ಪಡಸಾಲೆಯಲ್ಲಿ ತಲೆ ಹಿಡಿದು ಕುಳಿತೆ. ‘ಅಪ್ಪಂದು ಅರವತ್ತು ಹೆಜ್ಜಿಯಿಂದ ತಂಬಿಗಿ ತೂತು ಮಾಡಿದ ಕೈ. ನಾ ಮೂವತ್ತು ಹೆಜ್ಜಿಗಿ ಒಂದು ಮಗಿ ಒಡೀಲಿಲ್ಲ’ ಎಂದೆ, ನಿಜವಾದ ದುಃಖದಿಂದ.

ಅವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡು, ‘ಆ ತಂಬಿಗಿ ಇಳಿಸು. ಹಿಂದ ತಿರುವಿ ನೋಡು’ ಎಂದಳು. ಇಳಿಸಿದೆ, ತಿರುವಿದೆ. ಹಿಂದಿನ ಕಡೆ ತಾಮ್ರ ನುಣ್ಣಗೆ ಹೊಳೆಯುತ್ತಿತ್ತು. ಒಳಗೆ ಹೋದ ಗುಂಡು ಹೊರಗೆ ಹೋದ ಗುರುತೇ ಇರಲಿಲ್ಲ. ಇಷ್ಟು ವರ್ಷ ಎಷ್ಟು ಜನ ಆ ತೂತಿನಲ್ಲಿ ಬೆರಳಾಡಿಸಿದ್ದರು! ಗುಂಡು ಎಲ್ಲಿ ಹೋಯಿತೆಂದು ಒಬ್ಬನೂ ಕೇಳಿರಲಿಲ್ಲ, ಕೇಳದವರಲ್ಲಿ ನಾನೇ ಮೊದಲಿಗ.

‘ಆ ತೂತು ತಾಂಬಟಗಾರನ ಕೈಲಿ ನಾನೇ ಮಾಡಿಸಿದ್ದು’ ಎಂದಳು ಅವ್ವ. ‘ಪ್ರತಿ ದಸರಿಗಿ ಆರಕ್ಕ ಆರೂ ತಪ್ಪಿಸಿ ಮಾರಿ ಸಣ್ಣದು ಮಾಡ್ಕೊಂಡು ಬರ್ತಿದ್ರು. ನೋಡ್ಲಿಕ್ಕಿ ಆಗ್ತಿದ್ದಿಲ್ಲ ನನಗ.’ ಹಾಗೆಂದು ಅಪ್ಪನ ರಿವಾಲ್ವರನ್ನು ತೊಡೆಯ ಮೇಲಿಟ್ಟುಕೊಂಡು ಮೂಸಿದಳು. ‘ಕುಸುಬಿ ಎಣ್ಣಿ ವಾಸನಿ ಹೋಗಿ ಘಾಸಲೇಟ ವಾಸನಿ ಬಂದದ. ನಾ ಏನು ಮೂಗಿಲ್ಲದಾಕಿ? ಗಾಲಿ ಕಟ್ಟಿದ್ದು ನನಗ ಗೊತ್ತಿತ್ತು, ಹೇಳ್ಲಿಕ್ಕಿ ನಾಚಿಕಿ ಬಂತು. ಹಂಗೇ ಬಿಟ್ಟಿದ್ರ ಆಕೀದೇ ಉಳೀತಿತ್ತು. ಬಿಡ್ಲಿಲ್ಲ ನೋಡು ಶರಣಿ.’ ಅವಳ ದನಿ ಒದ್ದೆಯಾಗಿತ್ತು. ‘ಇದನ್ನೇ ಕಚೇರಿಗಿ ಕೊಟ್ಟು ಬಾ. ಆಕಿಗಿ ತವರು ಅಂಬೋದು ಅದೊಂದೇ ಉಳದದ. ನಿಮ್ಮಪ್ಪನ ಗುರ್ತು ನನಗ ಬೇಕಂದ್ರ ನೀ ಅದಿಯಲ್ಲೋ! ಹನ್ನೆರಡಕ್ಕ ಹನ್ನೆರಡೂ ತಪ್ಪಿಸೋದು ಬ್ಯಾರೆ ಯಾರಿಗಿ ಬರ್ತದ?’

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಶರಣಮ್ಮ ಹಿಟ್ಟಿನ ಕೈಯಲ್ಲೇ ಬಂದು ಅತ್ತೆಯ ಪಕ್ಕದಲ್ಲಿ ಕುಳಿತಳು. ಇಬ್ಬರೂ ಅತ್ತರು. ನನ್ನ ಕಣ್ಣಿಗೂ ನೀರು ಬಂತು. ಘಾಸಲೇಟಿನ ವಾಸನೆ ಎಂದು ಹೇಳಿದೆ, ಯಾರೂ ನಂಬಲಿಲ್ಲ.

ಅಪ್ಪನ ರಿವಾಲ್ವರನ್ನು ಜಮಾ ಮಾಡಿ, ರಸೀದಿಯನ್ನು ಅವ್ವನ ಕೈಗಿಟ್ಟೆ. ಅದನ್ನು ಅವಳು ಆ ವರ್ಷದ ಖಂಡೇ ಪೂಜೆಗೆ ಇಟ್ಟು ವಿಭೂತಿ ಎಳೆದಳು. ಎಣ್ಣೆ ಹಚ್ಚುವುದನ್ನು ಶರಣಮ್ಮ ಹೇಗೋ ತಪ್ಪಿಸಿದಳು. ಮರುದಿನ ದಸರೆಯ ಚಾಂದಮಾರಿಯಲ್ಲಿ ಮಾವನ ರಿವಾಲ್ವರಿನಿಂದ ನಾನು ಹಾರಿಸಿದ ಆರು ಗುಂಡುಗಳು ಎಲ್ಲಿಗೆ ಹೋದವೆಂದು ಹೇಳಬೇಕಾಗಿಲ್ಲ. ಮಾರಿ ಸಣ್ಣದು ಮಾಡಿಕೊಂಡು ಮನೆಗೆ ಬಂದೆ. ಪಡಸಾಲೆಯ ಗೋಡೆಯ ಮೇಲೆ ಅಪ್ಪನ ತಂಬಿಗೆಯ ಪಕ್ಕದಲ್ಲಿ ಇನ್ನೊಂದು ತಂಬಿಗೆ ತೂಗುತ್ತಿತ್ತು. ಹೊಸದು. ಹೊಟ್ಟೆಯಲ್ಲಿ ದುಂಡಗೆ ತೂತು. ಇಳಿಸಿ ಹಿಂದೆ ತಿರುವಿ ನೋಡಿದೆ. ಅಲ್ಲಿಯೂ ಒಂದು ತೂತಿತ್ತು.

‘ಅತ್ತಿಯವ್ರು ಒಂದೇ ಸಾಕು ಅಂದ್ರು’ ಎಂದಳು ಶರಣಮ್ಮ. ‘ನಾನೇ ಎರಡು ಮಾಡ್ಸಿದೆ. ಯಾರರ ಶ್ಯಾಣ್ಯಾ ಬಂದು ಗುಂಡು ಎಲ್ಲಿ ಹೋಯ್ತಂತ ಕೇಳಿದ್ರ?’

ಅಂದು ಬನ್ನಿ ಕೊಡಲು ಬಂದವರು ಅದನ್ನು ನೋಡಿ ‘ವ್ಹಾ!’ ಎಂದಾಗ ನಾನು ನಾಚಿಕೊಂಡು ನೆಲ ನೋಡಿದೆ. ಮರುವರ್ಷ ಒಬ್ಬರು ಎಷ್ಟು ದೂರದಿಂದ ಎಂದು ಕೇಳಿದರು. ಬಾಯಿ ತಪ್ಪಿ ನಲವತ್ತು ಹೆಜ್ಜೆ ಎಂದೆ. ಅದರ ಮುಂದಿನ ವರ್ಷ ಯಾರೂ ಕೇಳದಿದ್ದರೂ ಐವತ್ತು ಎಂದೆ. ಈ ದಸರೆಗೆ, ದಸ್ತಗೀರಸಾಬ ಎದುರಿಗೇ ಕುಳಿತು ಚಹ ಕುಡಿಯುತ್ತಿದ್ದಾಗ, ಅರವತ್ತು ಎಂದುಬಿಟ್ಟೆ. ಪಾಪ, ಅವನಿಗೆ ಚಹ ನೆತ್ತಿಗೇರಿತು. ಅಪ್ಪನೂ ಆ ಅರವತ್ತು ಹೆಜ್ಜೆಗೆ ಹೀಗೆಯೇ, ಒಂದೊಂದು ದಸರೆಗೆ ಹತ್ತತ್ತಾಗಿ, ನಡೆದು ಹೋಗಿರಬೇಕು.